ಆಫ್ರಿಕಾ ಖಂಡದ ಬೀಗಿತ್ತಿ

ಒಂದು ಇಡೀ ಖಂಡದೊಂದಿಗೆ ಬೀಗತನ ಬೆಳೆಸಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು, ಅವಳು ನಮ್ಮ ಗಿಣಿಗೇರಾದಲ್ಲಿದ್ದಾಳೆ. ನನ್ನ ಸೋದರತ್ತೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಹೋದಾಗ ನನಗೆ ಅಲ್ಲಿ ರೊಟ್ಟಿ ಹುಟ್ಟುವುದಿಲ್ಲ.

ಆದದ್ದು ಇಷ್ಟು. ಅತ್ತೆಯ ಅಳಿಯ ಊರ ಪಕ್ಕದ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ. ಅದೇ ಕೆಲಸಕ್ಕೆ ಟಾಂಜಾನಿಯಾದಿಂದ ಕರೆ ಬಂತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ನಮ್ಮ ಕಡೆ ಒಂದು ಊರಿಗೆ ಹೆಣ್ಣು ಕೊಟ್ಟರೆ ಊರಿಗೆ ಊರೇ ಬೀಗರು. ಆ ಊರಿನ ನಾಯಿಗೂ ಹಚಾ ಅನ್ನುವ ಹಾಗಿಲ್ಲ. ಅತ್ತೆ ಈ ಪದ್ಧತಿಯನ್ನು ತುಸು ಹಿಗ್ಗಿಸಿದಳು, ಅಷ್ಟೆ.

ನಾನು ಕುಷ್ಟಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ತಿದ್ದುವುದು ನನ್ನ ಚಟ.

"ಅತ್ತಿ, ಆಫ್ರಿಕಾ ಅಂದ್ರ ಊರಲ್ಲ, ಖಂಡ. ಅದರಾಗ ಐವತ್ತರ ಮ್ಯಾಲೆ ದೇಶ ಅದಾವ" ಅಂದೆ.

"ಇರ್ಲಿ ಬಿಡು ಮಾಸ್ತರ, ದೊಡ್ಡ ಊರಂದ್ರ ಓಣಿ ಭಾಳ ಇರ್ತಾವ" ಅಂದಳು.

ಅಲ್ಲಿಗೆ ಭೂಗೋಳದ ಮೊದಲ ಪಾಠ ಮುಗಿಯಿತು. ಕಲಿತವನು ನಾನು.

ಆಮೇಲೆ ನಕಾಶೆ ಬೇಕೆಂದಳು. ಶಾಲೆಯಲ್ಲಿ ಹರಿದು ಮೂಲೆಗೆ ಬಿದ್ದಿದ್ದ ಒಂದನ್ನು ಅಂಟಿಸಿ ತಂದುಕೊಟ್ಟೆ. ಅದನ್ನು ದೇವರ ಜಗಲಿಯ ಪಕ್ಕದಲ್ಲೇ ತೂಗುಹಾಕಿ, ಮಗಳಿರುವ ಜಾಗಕ್ಕೆ ಕುಂಕುಮ ಹಚ್ಚಿದಳು. ಮನೆಗೆ ಬಂದ ಪರಸ್ಥಳದವರು ಯಾವ ದೇವರೋ ಏನೋ ಎಂದು ಅದಕ್ಕೂ ಕೈಮುಗಿದು ಹೋಗಿದ್ದಾರೆ! ಹೆಣ್ಣು ಕೊಟ್ಟವರು ಕೇಳುವ ಪ್ರಶ್ನೆಗಳನ್ನೆಲ್ಲ ಅತ್ತೆ ಆ ನಕಾಶೆಯ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದಳು. ನೀರು ಹೆಂಗ? ಸಂತಿ ಯಾವತ್ತು? ನೈಲ್ ನದಿ ತೋರಿಸಿದರೆ, ನಮ್ಮ ಹೊಳೆಯ ಡ್ಯಾಮಿನ ಗೇಟು ಕೊಚ್ಚಿಹೋದದ್ದನ್ನು ಕಂಡವಳು, "ಡ್ಯಾಮಿನ ಗೇಟು ಗಟ್ಟಿ ಅದಾವೇನು?" ಎಂದು ವಿಚಾರಿಸಿದಳು. ಸಹಾರಾ ಮರುಭೂಮಿ ತೋರಿಸಿ, ಇಷ್ಟೂ ಬರೀ ಮರಳು ಅಂದೆ. ಪಾಪ ಎನ್ನುತ್ತಾಳೆಂದುಕೊಂಡಿದ್ದೆ. "ಅಷ್ಟು ಉಸುಕು ಐತಂದ್ರ ಮನಿ ಕಟ್ಟೋರಿಗೆ ಚಿಂತಿಲ್ಲ ಬಿಡು" ಎಂದು ಸಮಾಧಾನಪಟ್ಟುಕೊಂಡಳು.

ಒಮ್ಮೆ ನನ್ನ ವಿದ್ಯೆಯನ್ನೆಲ್ಲ ಪ್ರದರ್ಶಿಸುವ ಉಮೇದು ಬಂತು. ಕೋಟಿಗಟ್ಟಲೆ ವರ್ಷಗಳ ಹಿಂದೆ ನಮ್ಮ ನೆಲ, ಆಫ್ರಿಕಾದ ನೆಲ ಎರಡೂ ಕೂಡಿಕೊಂಡೇ ಇದ್ದವು, ಆಮೇಲೆ ಬಿರುಕುಬಿಟ್ಟು ದೂರ ಸರಿದವು ಎಂದು ಕೈಯಾಡಿಸಿ ವಿವರಿಸಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿದಳು.

"ಹಂಗಾರ ಜಗಳ ತಗದೋರು ಯಾರು?"

"ಯಾರೂ ಜಗಳ ತಗದಿಲ್ಲ ಅತ್ತಿ. ತಾನ ಬ್ಯಾರೆ ಆದ್ವು."

"ಸುಮ್ಮಸುಮ್ಮನ ಯಾರು ಬ್ಯಾರೆ ಆಗ್ತಾರೋ? ನಿಮ್ಮ ಪುಸ್ತಕದಾಗ ಮುಚ್ಚಿಟ್ಟಾರ, ತಗೋ."

ಮಾತು ತಿರುಗಿಸಲು, ನೀನು ಬಡಿಯುತ್ತಿರುವ ಈ ಜೋಳವೂ ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ಬಂದದ್ದು ಅಂದೆ. ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಒಂದು ಗಳಿಗೆ ನೋಡಿದಳು. "ನಮ್ಮ ಹೊಟ್ಟಿಗೆ ಹಾಕಿದೋರ ಮನಿಗೇ ಹೆಣ್ಣು ಕೊಟ್ಟೇನಿ ಅನ್ನು" ಎಂದು ಮತ್ತೆ ಬಡಿಯತೊಡಗಿದಳು. ಅವತ್ತು ರೊಟ್ಟಿ ಎಂದಿಗಿಂತ ತೆಳುವಾಗಿದ್ದವು.

ಇದೆಲ್ಲ ಮನೆಯೊಳಗೆ ನಡೆಯುವವರೆಗೆ ನನಗೇನೂ ತೊಂದರೆಯಿರಲಿಲ್ಲ. ಒಂದು ಮಂಗಳವಾರ ಅತ್ತೆಯೊಂದಿಗೆ ಹುಲಿಗಿಯ ಅಮ್ಮನ ಗುಡಿಗೆ ಹೋದಾಗ, ಹಂಪಿ ನೋಡಲು ಬಂದಿದ್ದ ಇಬ್ಬರು ಆಫ್ರಿಕಾದ ಹುಡುಗರು ಹೊಳೆಯ ದಂಡೆಯಲ್ಲಿ ಫೋಟೋ ತೆಗೆಯುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡಳು. "ಬೀಗರು ಬಂದಾರ, ನಡಿ."

ವಿಚಾರಿಸಿದರೆ ಅವರು ಘಾನಾ ದೇಶದವರು. ನಮ್ಮ ಹುಡುಗಿ ಇರುವುದು ಖಂಡದ ಮೂಡಣ ದಂಡೆಗೆ, ಇವರದು ಪಡುವಣ ದಂಡೆ, ನಡುವೆ ಎಷ್ಟೋ ದೇಶಗಳಿವೆ ಎಂದು ಅತ್ತೆಗೆ ತಿಳಿಸಿದೆ.

"ಪಡುವಲ ಓಣಿಯೋರು. ಓಣಿ ಬ್ಯಾರೆ ಆದ್ರ ಬೀಗರಲ್ಲೇನು?" ಎಂದು ಬುತ್ತಿ ಬಿಚ್ಚಿಯೇಬಿಟ್ಟಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹುಡುಗರು ನಾಚುತ್ತ ಕುಳಿತು, ಆಮೇಲೆ ನಾಚಿಕೆ ಬಿಟ್ಟು ತಿಂದರು. ಅವರು ಏಳುವಾಗ ಅತ್ತೆ ನನ್ನ ಮೊಣಕೈ ತಿವಿದಳು. "ನಮ್ಮ ಹುಡುಗಿಗೆ ಕೆಲಸ ಭಾಳ ಹಚ್ಚಬ್ಯಾಡ್ರಿ ಅಂತ ಹೇಳು." ಮರ್ಯಾದೆ ಬದಿಗಿಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆ ಇಬ್ಬರೂ ಮುಖ ಮುಖ ನೋಡಿಕೊಂಡು, ಎದೆಯ ಮೇಲೆ ಕೈಯಿಟ್ಟು, ಹಚ್ಚುವುದಿಲ್ಲ ಎಂದು ಮಾತು ಕೊಟ್ಟು ಹೋದರು.

ಹೀಗೆ ನಗುತ್ತ ನಗುತ್ತ ಇದ್ದಾಗಲೇ ಮಗಳು ಬಸುರಿಯಾದ ಸುದ್ದಿ ಬಂತು. ನಮ್ಮಲ್ಲಿ ಬಸುರಿಗೆ ಕುಬಸ ಮಾಡುತ್ತಾರೆ. ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಬೇಕು. ವಿಮಾನದಲ್ಲಿ ಅಷ್ಟು ದೂರ ಬರುವುದು ಬೇಡವೆಂದು ವೈದ್ಯರು ಹೇಳಿದ್ದರಿಂದ ಹುಡುಗಿ ಬರುವಂತಿರಲಿಲ್ಲ. ಸರಿ, ತಾನೇ ಹೊರಟಳು ಅತ್ತೆ. ಹೊಸಪೇಟೆಯಾಚೆ ಹೋಗಿ ಗೊತ್ತಿಲ್ಲದ ಹೆಂಗಸು ಆಫ್ರಿಕಾಕ್ಕೆ! ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಅಕ್ಕಿ, ಕೊಬ್ಬರಿ ಗಂಟು ಕಟ್ಟಿದ್ದಾಯಿತು. ತೊಟ್ಟಿಲು ಮಾತ್ರ ಇಲ್ಲೇ ಕಟ್ಟಬೇಕು, ಚೊಚ್ಚಲ ಕೂಸಿನ ತೊಟ್ಟಿಲು ತವರುಮನೆಯಲ್ಲೇ ಆಗಬೇಕು, ಹೆತ್ತು ಹಸುಗೂಸಿನೊಂದಿಗೆ ಇಲ್ಲಿಗೆ ಬರಲಿ ಎಂದು ಹಟ ಹಿಡಿದಿದ್ದಳು. ಹೊರಡುವ ವಾರ, ಅಟ್ಟದ ಮೇಲಿದ್ದ ಮಗಳ ತೊಟ್ಟಿಲನ್ನು ಬಣ್ಣ ಹಚ್ಚಿಸಲೆಂದು ಇಳಿಸಲು ಹೋಗಿ ಏಣಿಯಿಂದ ಬಿದ್ದಳು. ತೊಟ್ಟಿಲಿಗೆ ಏನೂ ಆಗಲಿಲ್ಲ. ಅತ್ತೆಯ ಕಾಲು ಮುರಿಯಿತು.

ನಾನು ನೋಡಲು ಹೋದಾಗ ಅವಳು ಆಫ್ರಿಕಾದ ಬಗ್ಗೆ ಏನೂ ಕೇಳಲಿಲ್ಲ. ನನಗೆ ಅದೇ ಹೆದರಿಕೆ ಹುಟ್ಟಿಸಿತು. "ತವರಿನೋರು ಇಲ್ದ ನನ್ನ ಮಗಳು ಬರೇ ಉಡಿ ಇಟ್ಕೊಂಡು ಕುಂದರ್ತಾಳಲ್ಲೋ" ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಕುಬಸದ ದಿನ ಮಧ್ಯಾಹ್ನ ಮಗಳು ವಿಡಿಯೋ ಕರೆ ಮಾಡಿದಳು. ಫೋನು ಹಿಡಿದವನು ನಾನೇ. ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕುಳಿತಿದ್ದಳು. ಸುತ್ತ ಬಣ್ಣಬಣ್ಣದ ಬಟ್ಟೆ ತೊಟ್ಟ ಅಲ್ಲಿನ ಓಣಿಯ ಹೆಂಗಸರು. ಎತ್ತರದ, ವಯಸ್ಸಾದ ಹೆಂಗಸೊಬ್ಬಳು ಮುಂದೆ ಬಂದು, ಮಗಳು ಹೇಳಿಕೊಟ್ಟಂತೆ ಎರಡೂ ಕೈತುಂಬ ಕಾಳು ತೆಗೆದು ಉಡಿಗೆ ಸುರಿದಳು.

"ಏನವ್ವಾ ಅವು, ಅಕ್ಕಿ ಅಲ್ಲಲ್ಲ?" ಅಂದಳು ಅತ್ತೆ.

"ಜ್ವಾಳ, ಯವ್ವಾ. ಮಗ್ಗಲ ಮನ್ಯಾಕಿ. ಅಂಗಡ್ಯಾಗಿನ ಅಕ್ಕಿ ಬ್ಯಾಡ ಅಂದು, ತನ್ನ ತವರಿನ ಹೊಲದ್ದು ತರಿಸ್ಯಾಳ."

ಅಲ್ಲಿ ಆಕೆ ಬೊಗಸೆ ಬೊಗಸೆ ಸುರಿಯುತ್ತಿದ್ದರೆ, ಇಲ್ಲಿ ಹಾಸಿಗೆಯ ಮೇಲೆ ಅತ್ತೆ ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಫೋನಿನ ಮುಂದೆ ಒಡ್ಡಿದ್ದಳು. ಕಣ್ಣೀರು ಇಳಿಯುತ್ತಿತ್ತು. ನನ್ನ ಕಣ್ಣೂ ಮಂಜಾಗಿ ಫೋನು ಅಲುಗಾಡಿತು. "ನೆಟ್ಟಗ ಹಿಡಿ ಮಾಸ್ತರ" ಎಂದು ಬೈಸಿಕೊಂಡೆ.

ಎಲ್ಲ ಮುಗಿದ ಮೇಲೆ ಅತ್ತೆ ಮಗಳಿಗೆ ಹೇಳಿದಳು. "ಇಷ್ಟು ದಿನ ನಾ ಅವರನ್ನ ಬೀಗರು ಅಂದೆ. ಉಡಿ ತುಂಬಿದಾಕಿ ಬೀಗಿತ್ತಿ ಹೆಂಗ ಆಗ್ತಾಳ? ಅಕ್ಕ ಅಂದೇನಿ ಅಂತ ಹೇಳು."

ಅಲ್ಲಿಂದ ನಗು ಕೇಳಿಸಿತು. ಆಮೇಲೆ ಅತ್ತೆ ಮಂಚದ ಪಕ್ಕದಲ್ಲಿದ್ದ ತೊಟ್ಟಿಲಿನ ಮೇಲೆ ಕೈಯಿಟ್ಟು, ದನಿ ಗಟ್ಟಿಮಾಡಿಕೊಂಡು ಅಂದಳು.

"ಇನ್ನ ಹಸುಗೂಸು ಎತ್ಕೊಂಡು ಇಲ್ಲಿಗೆ ಓಡಿ ಬರಬ್ಯಾಡ. ತೊಟ್ಟಿಲ ಅಲ್ಲೇ ಕಟ್ರಿ. ತವರುಮನಿ ಅಲ್ಲೂ ಐತಿ."