ದಸ್ತಗೀರ್ ಎಂಜಿನ್ನಿನ ತಲೆ ತೆಗೆದದ್ದು

ಎಂಜಿನ್ನಿನ ತಲೆ, ಅಂದರೆ ಅದರ ನೆತ್ತಿಯ ಮೇಲಿನ ಭಾರಿ ಕಬ್ಬಿಣದ ಮುಚ್ಚಳ, ಎತ್ತಲು ನಾಲ್ಕು ಜನ ಬೇಕು. ಮಿಲ್ಲಿನಲ್ಲಿ ರಾಗಿ ಬೀಸಿಸಿಕೊಂಡು ಹೋಗುವ ನಮಗೆಲ್ಲ ಇಷ್ಟಾದರೂ ಗೊತ್ತಿರಬೇಕು. ಮದ್ದೂರಿನ ಮೆಕ್ಯಾನಿಕ್ ದಸ್ತಗೀರ್‌ಗಂತೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಎದೆ ತಟ್ಟಿಕೊಂಡ.

ರೇಷನ್ನಿನ ಕಾಲ. ಮಿಲ್ಲಿನ ಬೀದಿಗೆ ಕರೆಂಟಿನ ತಂತಿ ಇನ್ನೂ ಬಂದಿರಲಿಲ್ಲ. ಯೋಗಾನರಸಿಂಹಯ್ಯನವರ ಮಿಲ್ಲಿನ ಡೀಸೆಲ್ ಎಂಜಿನ್ನು ಬೆಳಿಗ್ಗೆ ಕರಿ ಹೊಗೆ ಕೆಮ್ಮಿ ಕೆಮ್ಮಿ ತಾನಾಗಿಯೇ ನಿಂತುಹೋಯಿತು. ಹೊರಗೆ ರಾಗಿ ಕುಕ್ಕೆಗಳ ಸಾಲು ಬಾವಿಕಟ್ಟೆಯವರೆಗೆ ಬೆಳೆದಿತ್ತು.

"ತಲೆ ಬಿಚ್ಚಬೇಕು ಸ್ವಾಮಿ. ಮಂಡ್ಯದಿಂದ ಸರಪಳಿ, ನಾಕಾಳು ಬರಬೇಕು," ಎಂದ ದಸ್ತಗೀರ್.

"ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತಾರೆ, ಬಿಡು," ಎಂದರು ಯಜಮಾನರು.

ಸಾಲಿನ ತಲೆಯಲ್ಲಿದ್ದ ಬೆಟ್ಟಮ್ಮ ಕುಕ್ಕೆ ಕುಕ್ಕಿದಳು. "ನಾಳೇನಾ? ಇವತ್ತು ಸಂಜೀಕೆ ಮುದ್ದೆ ಯಾತ್ರಲ್ಲಿ ಕಟ್ಟಾನೆ? ಯಾಕ್ ದಸ್ತಗೀರಣ್ಣ, ಕೈಲಾಗಾಕಿಲ್ವಾ? ಅಂಗಾರೆ ಯೇಳ್ಬುಡು."

ಸಾಲು ನಕ್ಕಿತು. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಗಂಡಸಿಗೆ ಅಷ್ಟು ಸಾಕಾಯಿತು.

"ಸರಪಳೀನೂ ಬೇಡ, ಆಳೂ ಬೇಡ! ಎಂಜಿನ್ನು ಮದ್ವೆ ಗಂಡಿನಂಗೆ ಅಲ್ಲೇ ಕೂತಿರ್ಲಿ. ಪೇಟ ಇಳಿಸಿದಂಗೆ ತಲೆ ಇಳಿಸ್ತೀನಿ. ಸ್ವಾಮಿ, ನೀವು ಊಟ ಮುಗಿಸಿ ಬನ್ನಿ."

ಬೇಡ ಎನ್ನಬಹುದಾಗಿದ್ದ ಒಬ್ಬರೇ ಒಬ್ಬರು ಊಟಕ್ಕೆ ಹೋದರು.

ದಸ್ತಗೀರ್‌ನ ಉಪಾಯ ಸುಳ್ಳಲ್ಲ. ಎಂಟು ನಟ್ಟುಗಳಲ್ಲಿ ಆರನ್ನು ಬಿಚ್ಚುವುದು, ಎರಡನ್ನು ಬೋಲ್ಟಿನ ತುದಿಗೆ ತಂದು ನಿಲ್ಲಿಸುವುದು. ಆಮೇಲೆ ದೊಡ್ಡ ಚಕ್ರ ತಿರುಗಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿಯೇ ಕಚ್ಚಿ ಕೂತ ತಲೆಯನ್ನು ಮೇಲಕ್ಕೆ ನೂಕುತ್ತದೆ. ಸಂದು ಕಂಡ ಕೂಡಲೇ ಒಬ್ಬರು ಮರದ ಬೆಣೆ ತುರುಕಬೇಕು. ಆ ಒಬ್ಬರು ಯಾವಾಗಲೂ ಮಿಲ್ಲಿನ ಆಳು ಶಿವಯ್ಯ. ಅವನು ಮೂರು ದಿನದಿಂದ ನಾಲೆಯ ಕಡೆಯ ಚಳಿಜ್ವರ ಹೊದ್ದು ಮಲಗಿದ್ದ.

"ಯಾರಾದ್ರೂ ಒಬ್ರು ಬೆಣೆ ಇಡ್ಕೊಳಿ."

ನಲವತ್ತು ಜನರಲ್ಲಿ ನಲವತ್ತೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬನಿಗೆ ಪಂಚೆಗೆ ಮಸಿಯಾಗುತ್ತಿತ್ತು, ಇನ್ನೊಬ್ಬನಿಗೆ ಸಾಲು ತಪ್ಪುತ್ತಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಗಂಡ ದಸ್ತಗೀರ್‌ಗೆ ರೊಟ್ಟಿ ತಂದ ಖುರ್ಷೀದ್ ಬೇಗಂ ಬುತ್ತಿ ಕೆಳಗಿಟ್ಟು, ಸೆರಗು ಬಿಗಿದು, ಬೆಣೆ ತೆಗೆದುಕೊಂಡಳು. ಆ ಬೆರಳುಗಳು ರಂಜಾನಿಗೆ ಎಂಟು ಮನೆಗೆ ಶಾವಿಗೆ ಹೊಸೆಯುವ ಬೆರಳುಗಳು. ಕೂದಲೆಳೆಯ ಹಾಗೆ ಇಳಿಯುವ ಆ ಶಾವಿಗೆಯ ದುಡ್ಡಿನಲ್ಲೇ ಅವಳ ಮನೆಗೆ ವರ್ಷದ ಬಟ್ಟೆ.

"ಎಣ್ಣೆ ಬಂದ್ ಮಾಡಿದ್ದೀರಾ?"

"ಎಂಜಿನ್ನಿನ ಇದ್ಯೆ ನನಗೇ ಯೇಳ್ಕೊಡ್ತೀಯಾ?"

"ಕೇಳ್ದೆ ಅಷ್ಟೆ. ಮಾಡಿದ್ದೀರಾ?"

"ನಿಂತಿರೋ ಎಂಜಿನ್ನಿಗೆ ಎಣ್ಣೆ ಎಲ್ಲಿಂದ ಬರ್ತದೆ? ಸುಮ್ಕೆ ಸಂದು ನೋಡು."

ಡೀಸೆಲ್ ಎಣ್ಣೆ ಬರುವ ಕೊಳವೆಯ ತಿರುವು ಮುಚ್ಚಿ ಎಂಜಿನ್ನು ನಿಲ್ಲಿಸುವುದು ಶಿವಯ್ಯನ ಕೆಲಸ. ಆವತ್ತು ಎಂಜಿನ್ನನ್ನು ಯಾರೂ ನಿಲ್ಲಿಸಿರಲಿಲ್ಲ, ಅದೇ ನಿಂತಿತ್ತು. ತಿರುವು ತೆರೆದೇ ಇತ್ತು.

ದಸ್ತಗೀರ್ ಚಕ್ರ ಹಿಡಿದು ಒಂದು ಸುತ್ತು ತಿರುಗಿಸಿದ. ಏನೂ ಇಲ್ಲ. ಎರಡನೆಯ ಸುತ್ತಿಗೆ ಎಂಜಿನ್ನು ಹೊತ್ತಿಕೊಂಡು ಢಂ ಎಂದಿತು.

ಮುಂದಿನದನ್ನು ಕಾಫಿ ಹೋಟೆಲಿನ ಅಂಕಯ್ಯ ಇವತ್ತಿಗೂ ಹೇಳುತ್ತಾನೆ: "ತಲೆ ಮಿಲ್ಲಿನ ಸೂರು ಕಿತ್ಕಂಡು ಆರೋಯ್ತು ಕಣ್ಲಾ. ವೈದ್ಯನಾಥಪುರದ ಗೋಪುರದ ಮ್ಯಾಲೆ ಓಗಿ ಕೂತ್ಕತು. ಯಾರೋ ಒಸ ಕಳಸ ತಂದವ್ರೆ ಅಂತ ಪೂಜಾರಪ್ಪ ಕೈ ಮುಗುದ್ನಂತೆ!" ಕೇಳಿದವರು ಕಾಫಿ ಚೆಲ್ಲುವಂತೆ ನಗುತ್ತಾರೆ.

ತಲೆ ಎಲ್ಲಿಗೂ ಹಾರಲಿಲ್ಲ. ಆ ಎರಡು ನಟ್ಟು ಬಿಟ್ಟಷ್ಟು, ಎರಡು ಬೆರಳೆತ್ತರ, ಎದ್ದಿತು. ಕೂತಲ್ಲೇ ಮತ್ತೆ ಕೂತಿತು. ಖುರ್ಷೀದಳ ಬಲಗೈ ಇನ್ನೂ ಸಂದಿನಲ್ಲಿತ್ತು.

ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು. "ತಲೆ ಬಂತಾ?"

ದಸ್ತಗೀರ್ ನೆಲ ನೋಡಿದ. "ಇಲ್ಲ."

"ಅಂಗಾರೆ ಜನ ಇನ್ನೂ ಕಾಯ್ತಾವ್ರೆ. ಓಗಿ ಯೇಳಿ."

ಮರುದಿನ ಬೆಳಗಿನ ಬಸ್ಸಿಗೆ ಸರಪಳಿ ಬಂತು, ನಾಲ್ಕು ಜನ ಬಂದರು. ಎಂಜಿನ್ನನ್ನು ಕೂತಲ್ಲಿಂದ ಅಲುಗಿಸಲಿಲ್ಲ. ತೊಲೆಗೆ ಸರಪಳಿ ಬಿಗಿದು, ತಲೆಯನ್ನು ಎತ್ತಿ ಗೋಣಿಯ ಮೇಲೆ ಮೊಟ್ಟೆ ಇಟ್ಟ ಹಾಗೆ ಇಟ್ಟರು. ಅದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ದಸ್ತಗೀರ್ ಐದನೆಯವನಾಗಿ ಪಕ್ಕದಲ್ಲಿ ನಿಂತಿದ್ದ. ಎಣ್ಣೆಯ ತಿರುವನ್ನು ಏಳು ಸಲ ಮುಟ್ಟಿ ನೋಡಿದ.

ರಂಜಾನು ಬಂತು. ಶಾವಿಗೆ ಹಲಗೆಯ ಮುಂದೆ ಈ ಸಲ ಕೂತವನು ದಸ್ತಗೀರ್. ಖುರ್ಷೀದ್ ಮೂರು ಬೆರಳಿನ ಕೈಯಲ್ಲಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು.

"ಇದು ಶಾವಿಗೆ ಅಲ್ಲ. ಎಂಜಿನ್ನಿನ ಬೆಲ್ಟು."

ಅವನಿಗೆ ನಗು ಬರಲಿಲ್ಲ. ಹಿಟ್ಟನ್ನು ಮತ್ತೆ ಉಂಡೆ ಮಾಡಿದ. ಎಂಟು ಮನೆಯವರು ಆ ವರ್ಷ ಶಾವಿಗೆಯನ್ನು ಬೇರೆ ಕಡೆ ಹೇಳಿದ್ದರು. ಅವರಲ್ಲಿ ಬೆಟ್ಟಮ್ಮನೂ ಒಬ್ಬಳು.

ಅಂಕಯ್ಯನ ಕಥೆಗೆ ನಗುವವರು ನಗಲಿ. ನಾನು ಮಾತಾಡುತ್ತಿರುವುದು ಸಾಲಿನಲ್ಲಿ ನಿಂತವರ ಹತ್ತಿರ. ಇನ್ನೊಮ್ಮೆ ಮಿಲ್ಲು ನಿಂತಾಗ, ಆಳು ನಾಳೆ ಬರುತ್ತಾರೆ ಎಂದರೆ, ಬಾಯಿ ಮುಚ್ಚಿಕೊಂಡು ಕುಕ್ಕೆ ಎತ್ತಿ ಮನೆಗೆ ಹೋಗಿ. ಮೂಲೆಯಲ್ಲಿರುವ ಬೀಸುವ ಕಲ್ಲಿನ ಧೂಳು ಒರೆಸಿ. ನಿಮಗೆ ಹತ್ತು ಬೆರಳಿವೆ. ಒಂದು ದಿನ ಬೀಸಿಕೊಳ್ಳಿ.