ಒಂದೇ ಉಸಿರಿನಲ್ಲಿ ಊಟದ ವರದಿ

ನಮ್ಮ ಚಿಕ್ಕಮ್ಮನ ಔಷಧದ ಅಂಗಡಿಯಲ್ಲಿ ಮಾತ್ರೆ ಬೇಕೆಂದರೆ ಕೈಯಲ್ಲಿ ದುಡ್ಡಿದ್ದರೆ ಸಾಲದು, ಹಿಂದಿನ ದಿನ ಊಟ ಮಾಡಿರಬೇಕು! ಮಾಡಿದ್ದು ನೆನಪಿರಲೂ ಬೇಕು.

ಅಂಗಡಿ ಇರುವುದು ಮಲಯ್ ನಾಡಿನ ಸುಬಾಂಗ್ ಜಯಾದಲ್ಲಿ, ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಾಕ್ ಹೋಟೆಲಿನ ಪಕ್ಕ. ಕೋವಿಡ್ ಬಂದು ನಿಲಾಯ್ ಊರಿನ ನನ್ನ ಕಾಲೇಜು ಹಾಸ್ಟೆಲ್ ಮುಚ್ಚಿದಾಗ ಸೂಟ್‌ಕೇಸಿನ ಸಮೇತ ಅವರ ಮನೆ ಸೇರಿದೆ. ಮೈಸೂರಿಗೆ ಹೋಗಿದ್ದ ಚಿಕ್ಕಪ್ಪ ವಿಮಾನವಿಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದರು. ಮರುದಿನವೇ ಚಿಕ್ಕಮ್ಮ ನನ್ನ ಕೈಗೆ ಜ್ವರ ನೋಡುವ ಪಿಸ್ತೂಲು ಕೊಟ್ಟು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದರು. ಬಂದವರ ಹಣೆಗೆ ಗುರಿ ಇಡುವುದು, ಒಳಗೆ ಬಿಡುವುದು. ಇವತ್ತು ಎಷ್ಟು ಹಣೆಗಳಾದವು ಎಂದು ಡೈರಿಯಲ್ಲಿ ಬರೆಯುವುದು ಮಾತ್ರ ಯಾರೂ ಹೇಳದ ಕೆಲಸ, ಅದು ನನ್ನ ಚಟ.

ಒಳಗೆ, ಪ್ಲಾಸ್ಟಿಕ್ ಪರದೆಯ ಹಿಂದೆ ಚಿಕ್ಕಮ್ಮ. ಯಾರು ಕೆಮ್ಮು, ಜ್ವರ ಎಂದು ಬಂದರೂ ಅವರವರ ಭಾಷೆಯಲ್ಲಿ ಒಂದೇ ಪ್ರಶ್ನೆ: "ನಿನ್ನೆ ಏನೇನು ತಿಂದ್ರಿ? ಒಂದೇ ಉಸಿರಲ್ಲಿ ಹೇಳಿ!"

ಬೇರೆ ಊರಲ್ಲಾಗಿದ್ದರೆ ಜಗಳವೇ ಆಗುತ್ತಿತ್ತೇನೋ. ಇಲ್ಲಿಯವರು ಎದುರಾದವರನ್ನೆಲ್ಲ 'ಊಟ ಆಯ್ತಾ' ಎಂದೇ ಮಾತಾಡಿಸುವವರು, ಖುಷಿಯಿಂದ ಹೇಳುತ್ತಿದ್ದರು. ಒಬ್ಬ ಮಲಯ್ ಅಜ್ಜಿ ತೆಂಗಿನಹಾಲಿನ ಅನ್ನ ನಾಸಿ ಲೆಮಾಕಿನಿಂದ ಹೊರಟು, ಹುರಿದ ಮೀನು, ಬಾಳೆಹಣ್ಣಿನ ಬೋಂಡ ದಾಟಿ, ಸೊಸೆಗೆ ಅಡುಗೆ ಬರುವುದಿಲ್ಲ ಎಂಬಲ್ಲಿಗೆ ಬಂದು ಉಸಿರು ತೆಗೆದುಕೊಂಡರು!

"ನೀವು ಗಟ್ಟಿ ಇದ್ದೀರಿ. ಪಾಪ, ಸೊಸೆ!" ಎಂದರು ಚಿಕ್ಕಮ್ಮ.

ಬೆಂಗಳೂರಿನ ಹುಡುಗನೊಬ್ಬ "ನೂಡಲ್ಸ್ ಅಷ್ಟೇ ಆಂಟಿ" ಎಂದ. ಅಷ್ಟಕ್ಕೆ ಬಿಡುತ್ತಾರೆಯೇ? "ಹಾಗಾದ್ರೆ ಏನ್ ತಿನ್ನೋಕೆ ಆಸೆ ಇದೆ, ಅದನ್ನಾದ್ರೂ ಹೇಳಪ್ಪ." ಅವನು ಬಿಸಿಬೇಳೆ ಬಾತಿನಿಂದ ಶುರು ಮಾಡಿ ಅಮ್ಮನ ಹೋಳಿಗೆಗೆ ಬರುವಷ್ಟರಲ್ಲಿ ಅವನ ಕಣ್ಣೂ ನನ್ನ ಬಾಯಿಯೂ ಒದ್ದೆ!

ಇದೇನು, ಅಜೀರ್ಣದ ವಿಚಾರಣೆಯೇ? ಅಡುಗೆಯ ಗುಟ್ಟು ಕದಿಯುವ ಹುನ್ನಾರವೇ? ಬರೀ ಹರಟೆಯೇ? ಒಂದೊಂದು ಅನುಮಾನಕ್ಕೂ ಡೈರಿಯಲ್ಲಿ ಒಂದೊಂದು ಕಾಲಂ ಹಾಕಿದೆ. ಕೊನೆಗೆ ಕೇಳಿಯೇಬಿಟ್ಟೆ: "ಚಿಕ್ಕಮ್ಮ, ಯಾರು ಏನ್ ತಿಂದ್ರೆ ನಿಮಗೇನು?"

"ನೀನು ಹಣೆ ನೋಡ್ಕೋ. ನಾನು ಊಟ ನೋಡ್ಕೋತೀನಿ."

ಒಂದು ದಿನ ಹೂವಿನಂಗಡಿಯ ತಮಿಳು ಅಣ್ಣ ಬಂದರು. ಪಿಸ್ತೂಲು ಜ್ವರವಿಲ್ಲ ಎಂದಿತು. ಚಿಕ್ಕಮ್ಮ ಕೇಳಿದರು. ಅಣ್ಣ "ತೋಸೈ…" ಎಂದು ನಿಂತರು. "ಚಟ್ನಿ…" ಮತ್ತೆ ನಿಂತರು. ಪಾಪ, ಮರೆತುಬಿಟ್ಟಿದ್ದಾರೆ ಎಂದು ನನಗೆ ನಗು. ಚಿಕ್ಕಮ್ಮ ನಗಲಿಲ್ಲ. ಅಣ್ಣನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದವರೇ ಕುರ್ಚಿ ಕೊಟ್ಟು ಕೂರಿಸಿ ಆಂಬುಲೆನ್ಸ್ ಕರೆಸಿದರು.

"ಊಟದ ಪಟ್ಟಿ ಯಾರಿಗೆ ಬೇಕು ಮಗಾ? ನಾನು ಕೇಳಿಸ್ಕೊಳ್ಳೋದು ಉಸಿರು. ಉಸಿರು ಕಟ್ತಿದ್ಯಾ ಅಂತ ಕೇಳಿದ್ರೆ ಎಲ್ರೂ ಇಲ್ಲ ಅಂತಾರೆ, ಆಸ್ಪತ್ರೆ ಅಂದ್ರೆ ಭಯ. ಊಟದ ಮಾತು ಬಂದ್ರೆ ಮುಚ್ಚಿಡೋಕಾಗಲ್ಲ."

ಅಣ್ಣ ಹುಷಾರಾಗಿ ಮರಳಿದರು. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಆಕ್ಸಿಮೀಟರನ್ನೂ ಚಿಕ್ಕಮ್ಮ ಅವರಿಗೇ ಕೊಟ್ಟು ಕಳಿಸಿದರು.

ಆಮೇಲೆ ಸೋಂಕು ಪರದೆ ದಾಟಿ ಚಿಕ್ಕಮ್ಮನಿಗೇ ಬಂತು. ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮೊದಮೊದಲು ಬಾಗಿಲಾಚೆಯಿಂದ ಜೋರು ಜೋರು ಆಜ್ಞೆಗಳು: ಹಾಲು ಕಾಯಿಸು, ಮಾಸ್ಕ್ ಹಾಕ್ಕೋ! ಒಂದು ಬೆಳಿಗ್ಗೆ ದನಿಯೇ ಇಲ್ಲ. ಫೋನಿಗೆ ಮೆಸೇಜು: 'ಆರಾಮಿದ್ದೀನಿ.' ಮಧ್ಯಾಹ್ನ ಮತ್ತೊಂದು: 'ಆರಾಮು.'

ಮೆಸೇಜು ಕಳಿಸಲು ಉಸಿರು ಬೇಕಿಲ್ಲವಲ್ಲ! ಓಡಿಹೋಗಿ ಬಾಗಿಲು ಬಡಿದೆ.

"ಚಿಕ್ಕಮ್ಮ, ನಿನ್ನೆ ಏನೇನು ತಿಂದ್ರಿ? ಒಂದೇ ಉಸಿರಲ್ಲಿ ಹೇಳಿ!"

ಬಾಗಿಲಾಚೆಯಿಂದ, "ಗಂಜಿ…" ಆಮೇಲೆ, "ಉಪ್ಪಿನ…"

ಕಾಯಿ ಬರಲೇ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅಂಗಡಿ ಮುಚ್ಚಿತ್ತು. ಎಣಿಸಲು ಹಣೆಗಳಿಲ್ಲದೆ ಡೈರಿಯೂ ಖಾಲಿ. ಆಸ್ಪತ್ರೆಯಿಂದ 'ಪರವಾಗಿಲ್ಲ' ಎನ್ನುವ ಯಾರದೋ ದನಿ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಹಾಗೇ ಕಾದು ಕಾದು ಕೂತಿರುವಾಗ ಒಂದು ಸಂಜೆ ಫೋನ್ ಬಂತು.

"ಬೆಳಿಗ್ಗೆ ಉಪ್ಪಿಲ್ಲದ ಗಂಜಿ ಮಧ್ಯಾಹ್ನ ಉಪ್ಪಿಲ್ಲದ ಅನ್ನ ಉಪ್ಪಿಲ್ಲದ ಸೊಪ್ಪು ಒಂದು ಕಿತ್ತಳೆಹಣ್ಣು ಈಗ ಮತ್ತೆ ಅದೇ ಗಂಜಿ ಊರೆಲ್ಲ ಖಾರ ತಿನ್ನುತ್ತೆ ಈ ವಾರ್ಡಿಗೆ ಮಾತ್ರ ಒಂದು ಮೆಣಸಿನಕಾಯಿಗೂ ಗತಿಯಿಲ್ವಾ!"

ಅಷ್ಟೂ ಒಂದೇ ಉಸಿರಿನಲ್ಲಿ!

"ಈಗ ನಿಂದು ಹೇಳು. ನಿನ್ನೆ ಏನೇನು ತಿಂದೆ?"

"ಅನ್ನ…" ಎಂದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತು.

"ಅಯ್ಯೋ, ಯಾಕೆ ನಿಲ್ಲಿಸ್ದೆ? ಕೂತ್ಕೋ ಮಗಾ! ಮೊದ್ಲು ಕಿಟಕಿ ತೆಗಿ!" ಎಂದು ಚಿಕ್ಕಮ್ಮ ಆ ಕಡೆಯಿಂದ ಗಾಬರಿಯಾಗಿ ಕೂಗತೊಡಗಿದರು.