ನಳಿಗೆಯ ನಡುಕ

ನೀರು ಸರಬರಾಜು ಕಚೇರಿಯ ಕಡತ ವಿಭಾಗದ ಗುಮಾಸ್ತನಿಗೆ ಸ್ವಂತ ಅಭಿಪ್ರಾಯ ಇರಲಿಲ್ಲ. ಫ್ಯಾನು ಹಾಕಲೇ ಎಂದರೆ ಹೌದು ಅನ್ನುತ್ತಿದ್ದ, ಆರಿಸಲೇ ಎಂದರೂ ಹೌದು ಅನ್ನುತ್ತಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಎಲ್ಲರ ಬಾಯಲ್ಲಿ ಹೌದಪ್ಪ ಎಂದಾಗಿತ್ತು. ಹಾಗೆ ಕರೆಯಬಹುದೇ ಎಂದು ಒಮ್ಮೆ ಯಾರೋ ಕೇಳಿದ್ದರು. ಹೌದು ಎಂದಿದ್ದ.

ಅವನಲ್ಲಿ ಇದ್ದದ್ದು ನೆಟ್ಟ ಕಣ್ಣು ಮತ್ತು ಅಲುಗದ ಕೈ. ಅವೆರಡರ ಬಲದ ಮೇಲೆ ಏರ್ ರೈಫಲ್ ಹೊಡೆಯುವುದನ್ನು ಕಲಿತಿದ್ದ. ಕಚೇರಿಯ ಶೂಟಿಂಗ್ ತಂಡದಲ್ಲಿರುವವರನ್ನು ವರ್ಗ ಮಾಡಬಾರದೆಂದು ಯಾವುದೋ ಕಾಲದ ಅಧಿಕಾರಿಯೊಬ್ಬರು ಬರೆದಿಟ್ಟು ಹೋಗಿದ್ದರು. ಈಗ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಒಂಬತ್ತು ಗಂಟೆಯ ಬಸ್ಸಿನ ದಾರಿಯಾಚೆ, ಅಣೆಕಟ್ಟೆಯ ಶಾಖೆಯಲ್ಲೂ ಒಂದು ಜಾಗ ಖಾಲಿಯಿತ್ತು. ವರ್ಗದ ಪಟ್ಟಿಯಲ್ಲಿದ್ದವರು ಇಬ್ಬರೇ: ಹೌದಪ್ಪ, ಮತ್ತು ಟಪಾಲು ವಿಭಾಗದ ಹೆಂಗಸು. ಅವಳನ್ನು ಎಲ್ಲರೂ ಟಪಾಲಕ್ಕ ಎನ್ನುತ್ತಿದ್ದರು. ಅವಳೂ ಚೆನ್ನಾಗಿಯೇ ಹೊಡೆಯುತ್ತಿದ್ದಳು. ಅಂದು ಸಂಜೆ ನಾಲ್ಕಕ್ಕೆ ಇಬ್ಬರಿಗೂ ಪಂದ್ಯ. ಗೆದ್ದವರು ತಂಡಕ್ಕೆ, ಸೋತವರು ಅಣೆಕಟ್ಟೆಗೆ.

"ಎಂಟು ವರ್ಷ ಮೆಷಿನ್ ತುಳಿದು ನಲವತ್ತೊಂದು ಗಿರಾಕಿ ಮಾಡ್ಕೊಂಡಿದೀನಿ ರೀ," ಎಂದಳು ಬಟ್ಟೆ ಹೊಲಿಯುವ ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಆ ಅಣೆಕಟ್ಟೆ ಹತ್ರ ಯಾರಿಗೆ ಹೊಲೀಲಿ, ಮೀನಿಗಾ?"

ಬೆಳಿಗ್ಗೆ ಏಳಕ್ಕೆ ಹೌದಪ್ಪ ಮನೆಯ ಹಿಂದಿನ ಓಣಿಯಲ್ಲಿ ಮರಳು ಮೂಟೆಗೆ ಕಾಗದ ಅಂಟಿಸಿ ಐದು ಗುಂಡು ಹೊಡೆದ. ಮೂರು ಒಂದೇ ತಾಯಿಯ ಮಕ್ಕಳಂತೆ ಒಟ್ಟಿಗೆ ಕೂತವು. ಎರಡು ಮಾತ್ರ, ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ದೂರ ಸರಿದು ನಿಂತವು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮಹಡಿ ಮನೆಯ ವಾದ್ಯ ರಿಪೇರಿಯವನು, ಓಣಿಗೆಲ್ಲ ಮಾವ ಅನ್ನಿಸಿಕೊಂಡವನು, ಹಲ್ಲುಜ್ಜುತ್ತ ಅದನ್ನು ನೋಡಿಬಿಟ್ಟ. ಇಳಿದು ಬಂದು, ಚಮಚದಿಂದ ರೈಫಲ್ಲಿನ ನಳಿಗೆಯನ್ನು ತಟ್ಟಿ ಕಿವಿಗೊಟ್ಟ.

"ಕೇಳಿದ್ಯಾ? ನಿನ್ನ ನಳಿಗೆ ಹಾಡ್ತಿದೆ."

"ಹೌದಾ ಮಾವ?"

"ತಂತಿ ಮೀಟಿದ ಹಾಗೆ ಕಣಯ್ಯ. ಟ್ರಿಗರ್ ಎಳೆದ ಕೂಡ್ಲೇ ನಳಿಗೆ ನಾಯಿ ಬಾಲದ ಥರ ಅಲ್ಲಾಡುತ್ತೆ. ಬಾಲ ಮೇಲಿದ್ದಾಗ ಗುಂಡು ಹೊರಬಿದ್ರೆ ಮೇಲೆ ಹೋಗುತ್ತೆ, ಕೆಳಗಿದ್ದಾಗ ಬಿದ್ರೆ ಕೆಳಗೆ. ಪಾಪ, ನಿನ್ನ ಕೈ ಏನು ಮಾಡೀತು?"

ಆವರೆಗೆ ಹೌದಪ್ಪನ ನಳಿಗೆ ನಡುಗಿದ್ದು ಯಾರಿಗೂ ಗೊತ್ತಿರಲಿಲ್ಲ. ಈಗ ಅವನಿಗೆ ಅದು ನೋಡನೋಡುತ್ತಲೇ ನಡುಗುವಂತೆ ಕಂಡಿತು. ಮಾವ ತನ್ನ ಅಂಗಡಿಯ ಹಿತ್ತಾಳೆ ಬೀಗ ತಂದು ನಳಿಗೆಯ ತುದಿಗೆ ಕಟ್ಟಿದ. "ತೂಕ ಬಿದ್ರೆ ಬಾಲ ತೆಪ್ಪಗಿರುತ್ತೆ." ಗುಂಡುಗಳು ಒಂದು ಗೇಣು ಕೆಳಗೆ ಬಿದ್ದವು. ಹೆಂಡತಿಗೆ ಬೀಗದ ಕಟಕಟ ಸದ್ದು ಹಿಡಿಸಲಿಲ್ಲ. ಮಿಕ್ಕ ಬಟ್ಟೆಯಲ್ಲಿ ಹತ್ತಿ ತುಂಬಿ, ನಳಿಗೆಗೆ ಒಂದು ತೋಳು ಹೊಲಿದು ತೊಡಿಸಿದಳು. ಗುಂಡುಗಳು ಎಡಕ್ಕೆ ಹೋದವು. ಹೌದಪ್ಪ ಇಬ್ಬರಿಗೂ ಹೌದು ಎಂದು ಕಚೇರಿಗೆ ಹೊರಟ.

ಕಚೇರಿಯ ಉಗ್ರಾಣದಲ್ಲಿ ಪೈಪ್ ಫಿಟ್ಟರ್ ರೈಫಲನ್ನು ನೋಡಿ ಬೀಡಿ ಆರಿಸಿದ.

"ಏನ್ ಸಾರ್, ಇದಕ್ಕೇನು ಶೀತ ಆಗಿದೆಯಾ?"

ಹೌದಪ್ಪ ನಾಯಿ ಬಾಲದ ಕತೆ ಹೇಳಿದ. ಫಿಟ್ಟರ್ ಪೂರ್ತಿ ಕೇಳುವಷ್ಟು ತಾಳ್ಮೆಯವನಲ್ಲ. "ಬಾಲ ಗೀಲ ಏನೂ ಇಲ್ಲ. ಇದು ಪೈಪು. ಒಳಗೆ ಗಾಳಿ ಒತ್ತಡ. ಮೂವತ್ತು ವರ್ಷದಿಂದ ನಡುಗೋ ಪೈಪು ನೋಡ್ತಿದೀನಿ ಸಾರ್, ಬೀಗ ಹಾಕಿದ್ದು ಇದೇ ಮೊದಲು."

ಬೀಗ ಬಿಚ್ಚಿ ಮೇಜಿನ ಮೇಲಿಟ್ಟ. ಹತ್ತಿಯ ತೋಳಿನ ಮೇಲೆ ಮೂರು ರಬ್ಬರ್ ವಾಷರು ಏರಿಸಿದ. ತುದಿಗೆ ಮುಕ್ಕಾಲು ಇಂಚಿನ ಪೈಪಿಗೆ ಹಾಕುವ ಕಬ್ಬಿಣದ ಕ್ಲ್ಯಾಂಪು ಬಿಗಿದ. ಅಲ್ಲೇ ಒಂದು ಗುಂಡು ಹೊಡೆದು ನೋಡಿ ಎಂದ. ಗುಂಡು ಗುರಿಯನ್ನು ಬಿಟ್ಟು, ಉಗ್ರಾಣದ ನೀರಿನ ಪ್ಲಾಸ್ಟಿಕ್ ಕೊಳವೆಯನ್ನು ತೂರಿತು. ಎಳೆಯಷ್ಟು ತೆಳುವಾದ ನೀರು ಚಿಮ್ಮಿ ನೇರವಾಗಿ ದಾಸ್ತಾನು ಪುಸ್ತಕದ ಮೇಲೆ ಬಿತ್ತು.

"ನೋಡಿದ್ರಾ, ಒತ್ತಡ ಎಷ್ಟಿದೆ," ಎಂದ ಫಿಟ್ಟರ್ ಹೆಮ್ಮೆಯಿಂದ.

ಹನ್ನೆರಡು ಗಂಟೆಗೆ ಹೌದಪ್ಪ ಒದ್ದೆ ಅಂಗಿಯಲ್ಲಿ ಉಗ್ರಾಣದ ಮೆಟ್ಟಿಲ ಮೇಲೆ ಕೂತಿದ್ದ. ರೈಫಲ್ಲು ಅವನ ತೊಡೆಯ ಮೇಲೆ, ಕೈಕಾಲಿಗೆಲ್ಲ ಪಟ್ಟಿ ಕಟ್ಟಿಸಿಕೊಂಡ ರೋಗಿಯಂತೆ ಮಲಗಿತ್ತು. ಟಪಾಲಕ್ಕ ಊಟದ ಡಬ್ಬಿ ಹಿಡಿದು ಆ ದಾರಿಯಲ್ಲಿ ಬಂದಳು. ಒಂದಿಷ್ಟು ಹೊತ್ತು ನಿಂತು ನೋಡಿದಳು.

"ಇದನ್ನ ಯಾರು ಹಿಂಗೆ ಮಾಡಿದ್ದು?"

"ಎಲ್ರೂ ಅಕ್ಕ."

"ಬಿಚ್ಚು. ಹತ್ತಿ, ರಬ್ಬರು ಎಲ್ಲಾ ಬಿಚ್ಚು. ಸಡಿಲ ಇರೋ ವಸ್ತು ಒಂದೊಂದು ಸಲ ಒಂದೊಂದು ಥರ ಅಲ್ಲಾಡುತ್ತೆ. ಕ್ಲ್ಯಾಂಪ್ ಇರ್ಲಿ. ನಳಿಗೆ ನಡುಗಲಿ ಬಿಡೋ, ನಡುಗೋದು ಅದರ ಜಾತಕ. ಪ್ರತಿ ಸಲ ಒಂದೇ ಥರ ನಡುಗಿದ್ರೆ ಸಾಕು. ಕ್ಲ್ಯಾಂಪನ್ನ ಬೆರಳಷ್ಟು ಬೆರಳಷ್ಟು ಹಿಂದೆ ಸರಿಸ್ತಾ ಹೊಡಿ. ಗುಂಡೆಲ್ಲ ಒಟ್ಟಿಗೆ ಬೀಳೋ ಜಾಗ ಒಂದಿರುತ್ತೆ. ಅಲ್ಲಿ ಬಿಗಿದು, ಆಮೇಲೆ ಗುರಿ ನೋಡೋ ಸೈಟು ಸರಿಮಾಡ್ಕೋ."

ಊಟ ಬಿಟ್ಟು ಅವನ ಜೊತೆ ಕೂತಳು. ಅವನು ಹೊಡೆದ, ಅವಳು ಕ್ಲ್ಯಾಂಪು ಸರಿಸಿದಳು. ಎಂಟನೆಯ ಸಲಕ್ಕೆ ಐದು ಗುಂಡು ಒಂದೇ ಕಡೆ ಬಿದ್ದವು. ಹೌದಪ್ಪ ಸೈಟು ತಿರುಗಿಸಿ ಅವನ್ನು ನಡುವಿಗೆ ತಂದ.

"ನನಗೆ ಯಾಕೆ ಹೇಳಿಕೊಟ್ಟೆ ಅಕ್ಕ? ಸಂಜೆ ನಿನ್ನ ಎದುರೇ ಹೊಡೀಬೇಕಲ್ಲ."

"ಸೋತರೂ ಒಳ್ಳೆ ಗುರಿಕಾರನ ಕೈಲಿ ಸೋಲ್ಬೇಕಪ್ಪ," ಎಂದು ಅವಳು ಡಬ್ಬಿ ಎತ್ತಿಕೊಂಡು ಹೋದಳು.

ನಾಲ್ಕಕ್ಕೆ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಪಂದ್ಯ. ಒಬ್ಬೊಬ್ಬರಿಗೆ ಹತ್ತು ಗುಂಡು, ಒಂದು ಗುರಿಚೀಟಿ. ಒಂದೊಂದು ಚೀಟಿಯ ಹಿಂದೆಯೂ ಅದರಷ್ಟೇ ಅಗಲದ, ಹೊಸ ಮರಳು ತುಂಬಿದ ಡಬ್ಬ. ತೀರ್ಪುಗಾರರು ಸ್ವತಃ ಆಡಳಿತಾಧಿಕಾರಿ. ಅವರು ಮೀಟರು ಓದುವ ಕೆಲಸದಿಂದ ಮೇಲೆ ಬಂದವರು. ಕಣ್ಣಿಗೆ ಕಂಡ ಲೆಕ್ಕವನ್ನಷ್ಟೇ ನಂಬುತ್ತಿದ್ದರು. ಟಪಾಲಕ್ಕನ ಚೀಟಿಯಲ್ಲಿ ಹತ್ತು ತೂತು, ಕರಿಯ ವೃತ್ತದ ತುಂಬ ಚೆದುರಿ ಬಿದ್ದಿದ್ದವು. ಹೌದಪ್ಪನ ಚೀಟಿಯನ್ನು ಅವರು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು. ನಟ್ಟನಡುವೆ ಒಂದೇ ತೂತು. ಕಿರುಬೆರಳ ತುದಿಯಷ್ಟು.

"ಒಂದು ಬಿದ್ದಿದೆ," ಎಂದರು. "ಒಂಬತ್ತು ಹೊರಗೆ ಹೋಗಿವೆ."

"ಸಾರ್, ಹತ್ತೂ ಅದರೊಳಗೇ ಹೋಗಿದೆ," ಎಂದ ಹೌದಪ್ಪ.

"ತೂತು ಎಷ್ಟು ಕಾಣ್ತಿದೆ ನಿಮಗೆ?"

"ಒಂದು ಸಾರ್."

"ನನಗೂ ಒಂದೇ ಕಾಣ್ತಿದೆ. ಜಗಳ ಎಲ್ಲಿಂದ ಬಂತು?"

ಹೌದಪ್ಪನ ಕಣ್ಣ ಮುಂದೆ ಹೆಂಡತಿಯ ಮೆಷಿನ್ ಬಂತು, ಅಣೆಕಟ್ಟೆ ಬಂತು, ಮೀನು ಬಂತು. ಹುಟ್ಟಿದ ಮೇಲೆ ಮೊದಲ ಸಲ ಅವನು ಮೇಲಿನವರ ಎದುರು ನಿಂತು ಹೇಳಿದ: "ಅಲ್ಲ ಸಾರ್."

ಅಧಿಕಾರಿ ಕನ್ನಡಕ ತೆಗೆದರು. ಆಗ ಟಪಾಲಕ್ಕ ಮುಂದೆ ಬಂದಳು. "ಅವನ ಡಬ್ಬದ ಮರಳು ಜರಡಿ ಹಿಡೀಲಿ ಸಾರ್. ಗುಂಡು ಎಲ್ಲಿಗೆ ಹೋಗುತ್ತೆ?"

ಫಿಟ್ಟರ್ ಜರಡಿ ತಂದ. ಮರಳು ಉದುರಿತು. ಜರಡಿಯಲ್ಲಿ ಚಪ್ಪಟೆಯಾದ ಸೀಸದ ಗುಂಡು ಉಳಿದವು. ಅಧಿಕಾರಿ ಒಂದೊಂದನ್ನೇ ಎತ್ತಿ ಅಂಗೈ ಮೇಲಿಟ್ಟು ಎಣಿಸಿದರು. ಹತ್ತು. ಮತ್ತೆ ಎಣಿಸಿದರು. ಆಗಲೂ ಹತ್ತು. ಫಿಟ್ಟರ್ ಪಕ್ಕದವನಿಗೆ, "ಕ್ಲ್ಯಾಂಪು ನಂದು," ಎಂದ.

ಅಧಿಕಾರಿ ಹೌದಪ್ಪನ ಕೈ ಹಿಡಿದು ಕುಲುಕಿದರು. ಹೌದಪ್ಪ ಟಪಾಲಕ್ಕನ ಕಡೆ ನೋಡಿದ. ಕಾಲಿಗೆ ಬೀಳುವುದೊಂದು ಬಾಕಿ.

"ಇಂಥವರನ್ನು ಇಟ್ಕೊಂಡು ನಾವು ಹೊರಗೆ ಹುಡುಕ್ತಿದ್ವಿ ನೋಡಿ," ಎಂದು ಅಧಿಕಾರಿ ಜೇಬಿನಿಂದ ಒಂದು ಕಾಗದ ತೆಗೆದರು. "ಮೇಲಿನ ಕಚೇರಿಯ ಆದೇಶ. ಅಣೆಕಟ್ಟೆ ಶಾಖೆಯಲ್ಲಿ ಹೊಸ ಶೂಟಿಂಗ್ ತಂಡ ಕಟ್ಟಬೇಕಂತೆ. ಇವತ್ತಿನ ಪಂದ್ಯದಲ್ಲಿ ಗೆದ್ದವರನ್ನೇ ಮೂರು ವರ್ಷ ಅಲ್ಲಿಗೆ ಕಳಿಸಿ, ಹೇಳಿಕೊಡಲಿ ಅಂತ ಬರೆದಿದ್ದಾರೆ. ಹಳೇ ನಿಯಮ ಇದಕ್ಕೆ ಅಡ್ಡ ಬರೋ ಹಾಗಿಲ್ಲ ಅಂತಲೂ ಬರೆದಿದ್ದಾರೆ. ಇಲ್ಲಿನ ಜಾಗ ಎರಡನೆಯವರಿಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಹೌದಪ್ಪ ಕಾಗದವನ್ನು ಕೈಗೆ ತೆಗೆದುಕೊಂಡ. ಮೂಲೆಯಲ್ಲಿ ಟಪಾಲು ವಿಭಾಗದ ಮೊಹರು ಇತ್ತು: ಬಂದದ್ದು ಬೆಳಿಗ್ಗೆ ಹತ್ತೂವರೆ. ಟಪಾಲಕ್ಕ ತನ್ನ ರೈಫಲನ್ನು ಚೀಲಕ್ಕೆ ಹಾಕುತ್ತಿದ್ದಳು.

"ಅಕ್ಕ, ಇದನ್ನ ನೀನು ಓದಿದ್ದೆಯಾ?"

"ಬಂದ ಟಪಾಲು ಒಡೆಯೋದು ನನ್ನ ಕೆಲಸ ಕಣಪ್ಪ," ಎಂದಳು ಅವಳು, ಚೀಲದ ದಾರ ಎಳೆಯುತ್ತ. "ಒಡೆದ ಮೇಲೆ ಕಣ್ಣು ಮುಚ್ಕೊಳ್ಳೋಕಾಗುತ್ತಾ?"

ಮುಂದಿನ ತಿಂಗಳು ಮನೆ ಸಾಮಾನು ಲಾರಿ ಏರಿತು. ಬಟ್ಟೆ ಹೊಲಿಸಲು ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಬರುವ ಗಿರಾಕಿ ಯಾರೂ ಇರಲಿಲ್ಲ. ನಲವತ್ತೊಂದಕ್ಕೆ ನಲವತ್ತೊಂದೂ ಹೋದವು.